ಒಂದು ಪದ, ಹತ್ತು ಟೇಕ್: ಮನೆ ಸ್ಟುಡಿಯೋದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲಿ ಹಾಡುವವರಿಗೆ ಎಂದೂ ಬರ ಬಂದಿಲ್ಲ. ಈಗ ರೆಕಾರ್ಡ್ ಮಾಡುವವರಿಗೂ ಬರವಿಲ್ಲ. ಮನೆಯ ಒಂದು ಕೋಣೆ, ಲ್ಯಾಪ್‌ಟಾಪ್, ಅದಕ್ಕೆ ಮೈಕ್ ಜೋಡಿಸುವ ಆಡಿಯೋ ಇಂಟರ್‌ಫೇಸ್, ಒಂದು ಮೈಕ್, ಬಾಗಿಲಿಗೆ ಇಳಿಬಿಟ್ಟ ಕೌದಿ ಇದ್ದರೆ ಕೆಲಸ ಶುರು. ತತ್ವಪದ, ದಾಸರ ಪದ, ರಂಗಗೀತೆ, ಮೊಹರಂ ಪದ, ಜಾತ್ರೆಗೆ ಬಿಡುವ ದೇವರ ಹಾಡು, ಯೂಟ್ಯೂಬಿಗೆ ಹಾಕುವ ಜಾನಪದ ಎಲ್ಲ ಇಲ್ಲಿ ಆಗುತ್ತವೆ. ಬಳ್ಳಾರಿಯಲ್ಲಿ ಇಂಥದೇ ಒಂದು ಕೋಣೆಯಲ್ಲಿ ಕೂತವನು ನಾನು. ಫೋನಿನಲ್ಲಿ, ಎದುರಿಗೆ ಜನ ನನ್ನನ್ನು ಹೆಚ್ಚಾಗಿ ಕೇಳುವುದು ಟೇಕ್‌ಗಳ ಬಗ್ಗೆ. ಆ ಪ್ರಶ್ನೆಗಳಿಗೆ ಉತ್ತರ ಕೆಳಗಿದೆ.

ಟೇಕ್ ಅಂದರೇನು, ಕಾಂಪಿಂಗ್ ಅಂದರೇನು?

ಒಂದು ಹಾಡನ್ನೋ ಹಾಡಿನ ಒಂದು ಭಾಗವನ್ನೋ ಒಂದು ಸಲ ಹಾಡಿ ರೆಕಾರ್ಡ್ ಮಾಡಿದರೆ ಅದು ಒಂದು ಟೇಕ್. ಹಲವು ಟೇಕ್‌ಗಳಿಂದ ಬೇಕಾದ ಸಾಲುಗಳನ್ನು ಆರಿಸಿ ಒಂದೇ ಹಾಡಾಗಿ ಜೋಡಿಸುವುದು ಕಾಂಪಿಂಗ್. ಹಾಗೆ ಜೋಡಿಸಿದ ಹಾಡಿಗೆ ಕಾಂಪ್ ಅನ್ನುತ್ತಾರೆ.

ಎಷ್ಟು ಟೇಕ್ ತೆಗೆದರೆ ಸಾಕು?

ಮೊದಲಿನಿಂದ ಕೊನೆವರೆಗೆ ಪೂರ್ತಿ ಹಾಡಿದ ಮೂರು ಟೇಕ್ ತೆಗೆಯಿರಿ. ಆಮೇಲೆ ಕೈಕೊಟ್ಟ ಸಾಲುಗಳಿಗೆ ಮಾತ್ರ ಇನ್ನೊಂದೆರಡು. ಅಷ್ಟರಲ್ಲಿ ಹಾಡು ಬರಲಿಲ್ಲ ಅಂದರೆ ಹಾಡು ಇನ್ನೂ ಬಾಯಿಗೆ ಕೂತಿಲ್ಲ, ಅಥವಾ ಶ್ರುತಿ ಮೇಲಾಗಿದೆ, ಅಥವಾ ಗಂಟಲು ದಣಿದಿದೆ ಎಂದು ತಿಳಿಯಿರಿ. ಇನ್ನಷ್ಟು ಟೇಕ್ ತೆಗೆದರೆ ಈ ಮೂರರಲ್ಲಿ ಒಂದೂ ಸರಿಹೋಗುವುದಿಲ್ಲ.

"ಡಿಸ್ಕಿನಲ್ಲಿ ಜಾಗ ಇದೆಯಲ್ಲ, ಇಪ್ಪತ್ತು ತೆಗೆಯೋಣ" ಎನ್ನುವವರು ಒಂದು ಲೆಕ್ಕ ಹಾಕಲಿ. ಐದು ನಿಮಿಷದ ಹಾಡಿನ ಇಪ್ಪತ್ತು ಟೇಕ್ ಒಮ್ಮೆ ಕೇಳಲಿಕ್ಕೇ ನೂರು ನಿಮಿಷ ಬೇಕು, ಆರಿಸಲು ಅದರ ಎರಡು ಪಟ್ಟು. ಆ ಹೊತ್ತಿಗೆ ನಿಮ್ಮ ಕಿವಿಗೆ ಎಲ್ಲವೂ ಒಂದೇ ಥರ ಕೇಳಿಸುತ್ತಿರುತ್ತವೆ.

ಯಾವ ಸಾಫ್ಟ್‌ವೇರ್ ಒಳ್ಳೆಯದು?

ಟೇಕ್ ಕೆಲಸಕ್ಕೆ ವಿಂಡೋಸ್ ಲ್ಯಾಪ್‌ಟಾಪ್ ಇದ್ದವರಿಗೆ ನಾನು ಹೇಳುವುದು ರೀಪರ್. 60 ದಿನ ದುಡ್ಡಿಲ್ಲದೆ ಪೂರ್ತಿಯಾಗಿ ಬಳಸಿ ನೋಡಬಹುದು. ಆಮೇಲೆ ಸ್ವಂತ ಬಳಕೆಗೆ ಮತ್ತು ಸಣ್ಣ ಆದಾಯದವರಿಗೆ ಲೈಸೆನ್ಸ್ 60 ಡಾಲರ್. ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. 2023ರಲ್ಲಿ ಬಂದ ಏಳನೇ ಆವೃತ್ತಿಯಿಂದ ಟೇಕ್‌ಗಳನ್ನು ಒಂದರ ಕೆಳಗೊಂದು ಪಟ್ಟಿಯಾಗಿ ಇಟ್ಟು, ಮೌಸ್ ಎಳೆದು ಆರಿಸುವ ಸೌಕರ್ಯವೂ ಇದೆ.

ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತ. ಸೈಕಲ್ (ಆರಿಸಿದ ಭಾಗವನ್ನೇ ತಿರುತಿರುಗಿ ನುಡಿಸುವ ಗುಂಡಿ) ಆನ್ ಮಾಡಿ ಹಾಡುತ್ತಾ ಹೋದರೆ ಟೇಕ್‌ಗಳು ಒಂದೇ ತುಂಡಿನೊಳಗೆ ಸೇರಿಕೊಳ್ಳುತ್ತವೆ, ಆ ತುಂಡಿನ ಮೂಲೆಯಲ್ಲಿ ಟೇಕಿನ ಸಂಖ್ಯೆ ಕಾಣುತ್ತದೆ. ಲಾಜಿಕ್ ಪ್ರೋದಲ್ಲಿ ಎಳೆದು ಆರಿಸುವ ಕಾಂಪಿಂಗ್ 2007ರಿಂದಲೇ ಇದೆ. ಪ್ರೋ ಟೂಲ್ಸ್‌ನಲ್ಲಿ ಇದೇ ಕೆಲಸಕ್ಕೆ ಪ್ಲೇಲಿಸ್ಟ್ ಎಂಬ ಹೆಸರು, ಕ್ಯೂಬೇಸ್‌ನಲ್ಲಿ ಲೇನ್. ಏಬಲ್ಟನ್ ಲೈವ್‌ಗೆ ಇದು ಬಂದದ್ದು 2021ರ ಹನ್ನೊಂದನೇ ಆವೃತ್ತಿಯಲ್ಲಿ.

ಆಡಾಸಿಟಿ ಉಚಿತ, ಎಲ್ಲರಿಗೂ ಗೊತ್ತು. ಆದರೆ ಟೇಕ್ ಆರಿಸುವ ವ್ಯವಸ್ಥೆ ಅದರಲ್ಲಿಲ್ಲ. ಪ್ರತಿ ಟೇಕನ್ನು ಹೊಸ ಟ್ರ್ಯಾಕಿಗೆ ತೆಗೆದುಕೊಂಡು, ಬೇಡದ್ದನ್ನು ಕೈಯಿಂದಲೇ ಸೈಲೆಂಟ್ ಮಾಡುತ್ತಾ ಕೂರಬೇಕು. ಅದರ ಪಂಚ್ ಆಂಡ್ ರೋಲ್ ಕಥೆ ಓದುವವರಿಗೆ, ಪ್ರವಚನ ರೆಕಾರ್ಡ್ ಮಾಡುವವರಿಗೆ ಬಹಳ ಚೆನ್ನ. ತಪ್ಪಿದ ಜಾಗಕ್ಕೆ ಹಿಂದೆ ಹೋಗಿ ಅಲ್ಲಿಂದ ಮುಂದುವರಿಸಬಹುದು. ಆದರೆ ಆ ಜಾಗದಿಂದ ಮುಂದಿನದೆಲ್ಲ ಅಳಿಸಿಹೋಗುತ್ತದೆ. ಹಾಡಿಗೆ ಅದನ್ನು ಬಳಸಬೇಡಿ.

ರೀಪರ್‌ನಲ್ಲಿ ಟೇಕ್ ತೆಗೆಯುವ ಕ್ರಮ ಹೇಳಿ.

ಮೊದಲು ಟ್ರ್ಯಾಕಿಗೆ ಹೆಸರು ಕೊಡಿ. ಫೈಲಿನ ಹೆಸರು ಅದರಿಂದಲೇ ಹುಟ್ಟುತ್ತದೆ. ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್ ಮಾಡಿ ಫಿಕ್ಸ್ಡ್ ಐಟಂ ಲೇನ್ಸ್ ಆನ್ ಮಾಡಿ. ಈಗ ಪ್ರತಿ ಟೇಕ್ ತನ್ನದೇ ಪಟ್ಟಿಯಲ್ಲಿ ಕೂರುತ್ತದೆ. ಎಲ್ಲ ಆದ ಮೇಲೆ ಬೇಕಾದ ಸಾಲಿನ ಮೇಲೆ ಮೌಸ್ ಎಳೆದರೆ ಆ ತುಂಡು ಕಾಂಪ್ ಪಟ್ಟಿಗೆ ಬರುತ್ತದೆ. ಮೂಲ ಟೇಕ್ ಇದ್ದಲ್ಲೇ ಇರುತ್ತದೆ, ಏನೂ ಅಳಿಯುವುದಿಲ್ಲ.

ಹಳೆಯ ಆವೃತ್ತಿ ಇದ್ದವರು ಎಸ್ ಕೀ ಒತ್ತಿ ಸಾಲು ಸಾಲಾಗಿ ತುಂಡು ಮಾಡಿ, ತುಂಡನ್ನು ಆರಿಸಿ ಟಿ ಒತ್ತಿದರೆ ಮುಂದಿನ ಟೇಕ್ ಮೇಲೆ ಬರುತ್ತದೆ. ನನಗೆ ಈಗಲೂ ಈ ದಾರಿಯೇ ಕೈಗೆ ಹತ್ತಿದೆ. ಎಳೆದು ಆರಿಸುವುದು ನೋಡಲು ಚಂದ, ಆದರೆ ಕಣ್ಣು ತೆರೆಯ ಮೇಲೇ ನೆಟ್ಟಿರುತ್ತದೆ. ಟಿ ಒತ್ತುತ್ತಾ ಕಣ್ಣು ಮುಚ್ಚಿ ಕೂತರೆ ಕಿವಿ ಸರಿಯಾಗಿ ಕೆಲಸ ಮಾಡುತ್ತದೆ.

ಒಂದೇ ಸಾಲನ್ನು ಮತ್ತೆ ಹಾಡಿಸುವುದಾದರೆ ಆ ಸಾಲಿನ ಉದ್ದಕ್ಕೆ ಟೈಮ್ ಸೆಲೆಕ್ಷನ್ ಎಳೆದು, ರೆಕಾರ್ಡ್ ಮೋಡನ್ನು ಟೈಮ್ ಸೆಲೆಕ್ಷನ್ ಆಟೋ ಪಂಚ್‌ಗೆ ಬದಲಿಸಿ. ಹಿಂದಿನ ಎರಡು ಸಾಲಿನಿಂದ ಹಾಡು ನುಡಿಯಲಿ, ಗಾಯಕರು ಆ ಎರಡು ಸಾಲನ್ನೂ ಜತೆಗೆ ಹಾಡಿಕೊಂಡೇ ಬರಲಿ. ರೆಕಾರ್ಡ್ ಆಗುವುದು ಆರಿಸಿದ ಜಾಗ ಮಾತ್ರ. ಸುಮ್ಮನೆ ನಿಂತಿದ್ದು ಥಟ್ಟನೆ ಒಂದು ಸಾಲು ಹಾಡಿದರೆ ಅದರ ಉಸಿರು, ಜೋರು ಎರಡೂ ಅಕ್ಕಪಕ್ಕದ ಸಾಲಿಗೆ ಹೊಂದುವುದಿಲ್ಲ.

ಲೂಪ್ ಹಾಕಿ ಬಿಡದೆ ಹಾಡಿಸಲಾ, ಪ್ರತಿ ಸಲ ನಿಲ್ಲಿಸಲಾ?

ಯೂಟ್ಯೂಬ್ ಪಾಠಗಳಲ್ಲೆಲ್ಲ ಲೂಪ್ ತೋರಿಸುತ್ತಾರೆ. ಎರಡು ಸಾಲಿನ ಪಲ್ಲವಿಗೆ, ಹಿಮ್ಮೇಳದ ಸೊಲ್ಲಿಗೆ ಅದು ಸರಿ. ಇಡೀ ಪದಕ್ಕೆ ಬೇಡ. ಲೂಪ್ ತಿರುಗಿ ಬರುವ ಗಡಿಬಿಡಿಯಲ್ಲಿ ಗಾಯಕರು ಉಸಿರು ತೆಗೆದುಕೊಳ್ಳುವುದನ್ನೇ ಮರೆಯುತ್ತಾರೆ. ಪ್ರತಿ ಟೇಕ್ ಮುಗಿದ ಮೇಲೆ ನಿಲ್ಲಿಸಿ, ಒಂದು ಗುಟುಕು ನೀರು ಕೊಡಿ, ಏನು ಚೆನ್ನಾಗಿತ್ತು ಎಂದು ಒಂದೇ ಮಾತು ಹೇಳಿ ಮುಂದಿನದಕ್ಕೆ ಹೋಗಿ. ಏನು ಕೆಟ್ಟಿತ್ತು ಎಂಬ ಪಟ್ಟಿ ಮೂರನೇ ಟೇಕ್ ಆದ ಮೇಲೆ ಇರಲಿ.

"ಅಣ್ಣಾ, ನಮ್ಮ ಅಜ್ಜಾರು ಆ ಟಿಕ್ ಟಿಕ್ ಹಾಕಿದ್ರ ಹಾಡಂಗಿಲ್ಲ ಅಂತಾರ. ಕ್ಲಿಕ್ ಇಲ್ಲದ ಟೇಕ್ ಕೂಡಸದು ಹೆಂಗ?"

ಇಲ್ಲಿನ ಕೆಲಸದಲ್ಲಿ ನಿಜವಾದ ತೊಡಕು ಇದೇ. ಇಂಗ್ಲಿಷ್ ಪಾಠಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ, ಯಾಕೆಂದರೆ ಅಲ್ಲಿ ಹಾಡು ಶುರುವಾಗುವುದೇ ಲಯ ಹಿಡಿಯಲು ಹೆಡ್‌ಫೋನಿನಲ್ಲಿ ಕೊಡುವ ಈ ಟಿಕ್ ಟಿಕ್, ಅಂದರೆ ಕ್ಲಿಕ್‌ನಿಂದ. ನಮ್ಮ ಭಜನೆ ನಿಧಾನಕ್ಕೆ ಹೊರಟು ಕೊನೆಯ ನುಡಿಗೆ ಬರುವಷ್ಟರಲ್ಲಿ ಏರಿರುತ್ತದೆ. ಆ ಏರು ಹಾಡಿನ ಜೀವ. ಅದನ್ನು ಕ್ಲಿಕ್ಕಿಗೆ ಕಟ್ಟಿಹಾಕಿದರೆ ಅಜ್ಜನವರು ಹಾಡುವುದಿಲ್ಲ ಅನ್ನುವುದರಲ್ಲಿ ನ್ಯಾಯವಿದೆ.

ಆದರೆ ಒಂದೊಂದು ಟೇಕಿನ ಲಯ ಒಂದೊಂದು ಥರ ಇದ್ದರೆ ಎರಡನೇ ಟೇಕಿನ ಸಾಲು ಮೊದಲನೆಯದರಲ್ಲಿ ಕೂರುವುದಿಲ್ಲ. ಆದ್ದರಿಂದ ಎಲ್ಲ ಟೇಕ್‌ಗಳಿಗೂ ಒಂದೇ ದಾರಿ ಬೇಕು, ಆ ದಾರಿಯನ್ನು ಗಾಯಕರೇ ಹಾಕಬೇಕು. ನಾನು ಹೀಗೆ ಮಾಡುತ್ತೇನೆ: ಮೊದಲು ಪೇಟಿ, ಡೋಲಕ್ ಜತೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಅವರ ಇಷ್ಟದ ಲಯದಲ್ಲಿ ಒಂದು ಸಲ ಪೂರ್ತಿ ಹಾಡಿಸುತ್ತೇನೆ. ಇದು ಗೈಡ್. ಧ್ವನಿ ಚೆನ್ನಾಗಿ ಬರಬೇಕಿಲ್ಲ, ನಡಿಗೆ ಸರಿಯಿದ್ದರೆ ಸಾಕು. ಆ ಗೈಡನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಡೋಲಕ್‌ನವರು ಒಬ್ಬರೇ ನುಡಿಸುತ್ತಾರೆ, ಏರಿದಲ್ಲಿ ಏರುತ್ತಾರೆ. ಆಮೇಲೆ ಹಾಡುವವರು ಆ ಡೋಲಕ್ ಮೇಲೆ ಎಷ್ಟು ಟೇಕ್ ಬೇಕಾದರೂ ಹಾಡಬಹುದು. ಎಲ್ಲವೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ, ಲಯವೂ ಅವರದೇ ಆಗಿ ಉಳಿಯುತ್ತದೆ.

ತಾಳವೇ ಇಲ್ಲದ ಉಗಾಭೋಗ, ಬರೀ ಶ್ರುತಿ ಹಿಡಿದು ಹಾಡುವ ವಚನ ಇದಕ್ಕಿಂತ ಸುಲಭ. ಅಲ್ಲಿ ಸಾಲು ಕೂರಬೇಕಾದ ಗೆರೆಯೇ ಇರುವುದಿಲ್ಲ. ಬೇರೆ ಟೇಕಿನ ಸಾಲು ತಂದು ಹಾಕಿ, ಅದು ಎರಡು ಸೆಕೆಂಡ್ ಉದ್ದವಾದರೆ ರಿಪಲ್ ಎಡಿಟಿಂಗ್ ಆನ್ ಮಾಡಿ ಮುಂದಿನದೆಲ್ಲವನ್ನೂ ಸರಿಸಿ. ಒಂದೇ ಷರತ್ತು, ತಂಬೂರಿ ಶ್ರುತಿ ಬೇರೆ ಟ್ರ್ಯಾಕಿನಲ್ಲಿರಬೇಕು, ಮೈಕಿನೊಳಗೆ ನುಗ್ಗಿರಬಾರದು. ನುಗ್ಗಿದ್ದರೆ ಕತ್ತರಿಸಿದಲ್ಲೆಲ್ಲ ಶ್ರುತಿ ಕುಪ್ಪಳಿಸುತ್ತದೆ.

ಶ್ರುತಿಯ ಬಗ್ಗೆ ಇನ್ನೊಂದು ಮಾತು. ಕೆಲವು ಹಳೆಯ ಪೇಟಿಗಳ ಕಪ್ಪು ಎರಡು (ಎರಡನೇ ಕಪ್ಪು ಮನೆ) ಮತ್ತು ಮೊಬೈಲ್ ತಂಬೂರಿ ಆ್ಯಪಿನ ಡಿ ಶಾರ್ಪ್ ಒಂದೇ ಆಗಿರುವುದಿಲ್ಲ, ಪೇಟಿ ಸ್ವಲ್ಪ ಇಳಿದಿರುತ್ತದೆ. ಮೊದಲ ದಿನ ಪೇಟಿ, ಎರಡನೇ ದಿನ ಆ್ಯಪ್ ಬಳಸಿದರೆ ಆ ಎರಡು ದಿನದ ಟೇಕ್‌ಗಳು ಸೇರುವುದಿಲ್ಲ. ಯಾವುದರಿಂದ ಶುರು ಮಾಡಿದಿರೋ ಅದನ್ನೇ ಕೊನೆತನಕ ಹಿಡಿಯಿರಿ.

ಏಕತಾರಿ, ದಮ್ಮಡಿ ಕೈಯಲ್ಲಿ ಹಿಡಿದೇ ಹಾಡುತ್ತಾರೆ. ಅದಿಲ್ಲದೆ ಪದವೇ ಬರುವುದಿಲ್ಲ ಅನ್ನುತ್ತಾರೆ.

ಹಿಡಿದುಕೊಳ್ಳಲಿ, ಕಿತ್ತುಕೊಳ್ಳಬೇಡಿ. ಬಾಯಿಗೊಂದು ಮೈಕ್, ವಾದ್ಯಕ್ಕೊಂದು ಮೈಕ್ ಇಡಿ. ಎರಡರಲ್ಲೂ ಎರಡೂ ಕೇಳಿಸುತ್ತವೆ ಎಂಬುದನ್ನು ಒಪ್ಪಿಕೊಳ್ಳಿ. ಕತ್ತರಿಸುವಾಗ ಎರಡು ಟ್ರ್ಯಾಕನ್ನೂ ಗುಂಪು ಮಾಡಿ ಒಟ್ಟಿಗೇ ಕತ್ತರಿಸಿ. ಸಾಲಿನ ನಡುವೆ ಕೈ ಹಾಕಬೇಡಿ. ನುಡಿ ಮುಗಿದು ಏಕತಾರಿ ಒಂದೇ ನುಡಿಯುವ ಜಾಗ ಇರುತ್ತದಲ್ಲ, ಅಲ್ಲಿ, ಮುಂದಿನ ಮೀಟು ಬೀಳುವ ಕೂದಲೆಳೆಯಷ್ಟು ಮೊದಲು ಕತ್ತರಿ ಇಡಿ. ಹೊಸ ಮೀಟಿನ ಸದ್ದು ಜೋಡಣೆಯನ್ನು ಮುಚ್ಚುತ್ತದೆ. ದಮ್ಮಡಿಗೂ ಹೀಗೇ, ಪೆಟ್ಟಿಗೆ ಸ್ವಲ್ಪ ಮೊದಲು.

ಇಂಥ ಹಾಡಿನಲ್ಲಿ ಕಾಂಪ್ ಎಂದರೆ ನುಡಿಗೆ ನುಡಿ ಬದಲಿಸುವುದು. ಅದಕ್ಕಿಂತ ಸಣ್ಣ ತುಂಡಿಗೆ ಆಸೆಪಡಬೇಡಿ.

ಒಂದೇ ಗಾಯಕರು, ಒಂದೇ ಮೈಕ್. ಆದರೂ ಟೇಕಿನಿಂದ ಟೇಕಿಗೆ ಧ್ವನಿ ಬೇರೆ ಯಾಕೆ?

ನಿಂತ ಜಾಗ ಬದಲಾಗಿರುತ್ತದೆ. ನಾವು ಬಳಸುವ, ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್‌ಗಳಿಗೆ ಬಾಯಿ ಹತ್ತಿರ ಬಂದಷ್ಟೂ ಕೆಳಸ್ವರ ದಪ್ಪವಾಗುತ್ತದೆ. ನಾಲ್ಕು ಇಂಚಿನಲ್ಲಿ ಹಾಡಿದ ಸಾಲನ್ನೂ ಹತ್ತು ಇಂಚಿನಲ್ಲಿ ಹಾಡಿದ್ದನ್ನೂ ಜೋಡಿಸಿದರೆ ಇಬ್ಬರು ಹಾಡಿದ ಹಾಗಿರುತ್ತದೆ. ಒಂದು ಗೇಣು ದೂರ ಇಟ್ಟು, ನೆಲಕ್ಕೆ ಟೇಪ್ ಅಂಟಿಸಿ ಪಾದದ ಗುರುತು ಮಾಡಿ. ಮೈಕಿನ ಮುಂದೆ ಉಸಿರಿನ ಹೊಡೆತ ತಡೆಯುವ ಜಾಲರಿ ಪಾಪ್ ಫಿಲ್ಟರನ್ನು ಅಳತೆಗೋಲಿನ ಹಾಗೆ ಬಳಸಿ. ಊಟಕ್ಕೆ ಎದ್ದಾಗ ಮೈಕ್ ಸ್ಟ್ಯಾಂಡ್ ಯಾರೂ ಮುಟ್ಟಕೂಡದು.

ಗೇನ್, ಅಂದರೆ ಮೈಕಿನ ಧ್ವನಿಯನ್ನು ಇಂಟರ್‌ಫೇಸ್ ಏರಿಸುವ ಮಟ್ಟ, ಕೂಡ ಅಷ್ಟೇ. ನಾಟಕದಲ್ಲಿ ಹಾಡಿ ರೂಢಿಯಾದವರು ಸೌಂಡ್ ಚೆಕ್‌ನಲ್ಲಿ ಮೆಲ್ಲಗೆ ಹಾಡಿ, ಎರಡನೇ ಟೇಕಿಗೆ ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳುವ ಹಾಗೆ ಎತ್ತುತ್ತಾರೆ. ರಂಗನಟ ಬಳ್ಳಾರಿ ರಾಘವರ ಊರಿನಲ್ಲಿ ಇದು ಸಹಜ. ಹಾಡಿನ ಅತ್ಯಂತ ಮೇಲಿನ ಸಾಲನ್ನೇ ಮೊದಲು ಹಾಡಿಸಿ, ಅದು ಮೈನಸ್ 10 ಡೆಸಿಬೆಲ್ ಆಚೀಚೆ ಮುಟ್ಟುವಂತೆ ಗೇನ್ ಇಟ್ಟು, ಕೊನೆತನಕ ಆ ಗುಂಡಿ ಮುಟ್ಟಬೇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಕೆಂಪು ಮುಟ್ಟುವವರೆಗೆ ಏರಿಸಿ ಏನೂ ಲಾಭವಿಲ್ಲ.

ಫ್ಯಾನ್ ಹಾಕದೆ ಕೂರಲಾಗುವುದಿಲ್ಲ. ಹೊರಗೆ ಲಾರಿ, ಪಕ್ಕದಲ್ಲಿ ಜೀನ್ಸ್ ಹೊಲಿಯುವ ಮಷಿನ್. ಏನು ಮಾಡುವುದು?

ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಫ್ಯಾನ್ ಆರಿಸಿ ಎಂದು ಸುಲಭಕ್ಕೆ ಹೇಳಲಾರೆ. ಟೇಕ್ ಜೋಡಿಸುವವನಿಗೆ ಮುಖ್ಯವಾದ ನಿಯಮ ಒಂದೇ: ಎಲ್ಲ ಟೇಕ್‌ಗಳ ಹಿಂದಿನ ಸದ್ದು ಒಂದೇ ಇರಬೇಕು. ಒಂದು ಟೇಕ್ ಫ್ಯಾನ್ ಇದ್ದು, ಇನ್ನೊಂದು ಇಲ್ಲದೆ ತೆಗೆದರೆ ಜೋಡಿಸಿದಾಗ ಗಾಳಿ ಬಂದು ಹೋಗಿ ಮಾಡುತ್ತದೆ. ಹಾಕುವುದಾದರೆ ಟೇಬಲ್ ಫ್ಯಾನನ್ನು ಮೈಕಿನ ಬೆನ್ನ ಕಡೆ ದೂರದಲ್ಲಿ ನಿಧಾನಕ್ಕೆ ಇಟ್ಟು ಎಲ್ಲ ಟೇಕಿಗೂ ಹಾಗೇ ಬಿಡಿ. ಟೇಕಿನ ನಡುವೆ ಪೂರ್ತಿ ಹಾಕಿ ಕೋಣೆ ತಂಪು ಮಾಡಿಕೊಂಡು, ಹಾಡುವಾಗ ಆರಿಸುವುದು ಇನ್ನೂ ಒಳ್ಳೆಯದು.

ಕೌದಿಯನ್ನು ಹೆಚ್ಚಿನವರು ಮೈಕಿನ ಹಿಂದೆ ಕಟ್ಟುತ್ತಾರೆ. ಹಾಡುವವರ ಬೆನ್ನ ಹಿಂದೆ ಕಟ್ಟಿ. ಮೈಕ್ ನೋಡುತ್ತಿರುವುದು ಆ ಗೋಡೆಯನ್ನೇ. ಮಷಿನ್, ಲಾರಿ ಸದ್ದು ಬಹಳ ಇದ್ದರೆ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಪಕ್ಕಕ್ಕಿಟ್ಟು ವೇದಿಕೆಯಲ್ಲಿ ಬಳಸುವ ಡೈನಮಿಕ್ ಮೈಕ್ ತೆಗೆದುಕೊಳ್ಳಿ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಈಗಲೂ ಊರೂರಿನ ಮೈಕ್ ಸೆಟ್ಟಿನವರ ಹತ್ತಿರ ಇದೆ, ಬಾಡಿಗೆಗೂ ಸಿಗುತ್ತದೆ. ಬೆಳಗಿನ ಜಾವ ಒಳ್ಳೆಯ ಹೊತ್ತು, ಸುಪ್ರಭಾತ ಮತ್ತು ಅಜಾನಿನ ವೇಳೆ ಬಿಟ್ಟುಕೊಂಡು.

ಹೆಡ್‌ಫೋನಿನಲ್ಲಿ ತಮ್ಮ ಧ್ವನಿ ತಡವಾಗಿ ಕೇಳುತ್ತದೆ ಅನ್ನುತ್ತಾರೆ.

ಬ್ಲೂಟೂತ್ ಹೆಡ್‌ಫೋನ್ ಆಗಿದ್ದರೆ ತೆಗೆದಿಡಿ, ಬೇರೆ ಉಪಾಯವಿಲ್ಲ. ವೈರಿನದೇ ಆಗಿದ್ದರೆ ಬಫರ್ ನೋಡಿ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಸಾಗಿಸುವ ಧ್ವನಿಯ ತುಂಡು. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಎಂದರೆ ಒಂದು ಕಡೆಗೇ ಸುಮಾರು 21 ಮಿಲಿಸೆಕೆಂಡ್. 128ಕ್ಕೆ ಇಳಿಸಿದರೆ 2.7. ಇಂಟರ್‌ಫೇಸಿನಲ್ಲಿ ಮೈಕಿನ ಧ್ವನಿಯನ್ನು ನೇರ ಹೆಡ್‌ಫೋನಿಗೆ ಕೊಡುವ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಅದನ್ನೇ ಬಳಸಿ, ಸಾಫ್ಟ್‌ವೇರಿನ ಮಾನಿಟರ್ ಬಂದ್ ಮಾಡಿ. ಎರಡೂ ಆನ್ ಇದ್ದರೆ ಒಂದೇ ಧ್ವನಿ ಎರಡೆರಡು ಸಲ ಬರುತ್ತದೆ.

ಎಕೋ ಕೇಳುವವರಿಗೆ ಎಕೋ ಕೊಡಿ. ಮಂಡಳಿಯ ಮೈಕ್ ಸೆಟ್ಟಿನಲ್ಲಿ ಹಾಡಿ ಬಂದವರಿಗೆ ಒಣ ಧ್ವನಿ ಕೇಳಿದರೆ ಎದೆ ಒಡೆಯುತ್ತದೆ. ಆದರೆ ಅದು ಕಿವಿಗೆ ಮಾತ್ರ ಹೋಗಲಿ, ಫೈಲಿನೊಳಗೆ ಬೇಡ. ಎಕೋ ಸಮೇತ ರೆಕಾರ್ಡ್ ಆದ ಟೇಕನ್ನು ಕತ್ತರಿಸಿದರೆ ಎಕೋದ ಬಾಲವೂ ತುಂಡಾಗುತ್ತದೆ.

ಮೂರು ಟೇಕ್ ಮುಂದಿವೆ. ಯಾವ ಸಾಲು ಯಾವುದರಿಂದ ತೆಗೆದುಕೊಳ್ಳಲಿ?

ಸಾಲು ಸಾಲಿಗೂ "ಅತಿ ಚೆಂದದ್ದು" ಹುಡುಕಿ ಜೋಡಿಸುವುದನ್ನು ಬಿಡಿ. ಮೂರರಲ್ಲಿ ಒಂದು ಟೇಕನ್ನು ಮೂಲವಾಗಿ ಹಿಡಿಯಿರಿ, ಅದರಲ್ಲಿ ಕೆಟ್ಟ ಸಾಲುಗಳನ್ನಷ್ಟೇ ಉಳಿದವುಗಳಿಂದ ತನ್ನಿ. ಹಾಡುವವರು ಒಂದು ಟೇಕಿನಲ್ಲಿ ಒಂದು ಮನಸ್ಸಿನಿಂದ ಹೊರಟಿರುತ್ತಾರೆ. ಪಲ್ಲವಿ ಎರಡನೇ ಸಲ ಬಂದಾಗ ಧ್ವನಿ ಸ್ವಲ್ಪ ಬಳಲಿರುತ್ತದೆ, ಮೂರನೇ ಸಲ ತೆರೆದುಕೊಂಡಿರುತ್ತದೆ. ಮೂರು ಟೇಕಿನ ಚೂರುಗಳನ್ನು ಬೆರೆಸಿದರೆ ಆ ನಡೆ ಹೋಗುತ್ತದೆ. ಎಲ್ಲ ಸಾಲೂ ಸರಿ ಇರುತ್ತವೆ, ಹಾಡು ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಮೂಲ ಟೇಕ್ ಆರಿಸುವಾಗ ಅಪಸ್ವರ ಎಣಿಸಬೇಡಿ. ತತ್ವಪದ, ದಾಸರ ಪದಗಳಿಗೆ ಮೊದಲ ಪರೀಕ್ಷೆ ಮಾತು ಸ್ಪಷ್ಟವಾಗಿದೆಯೇ ಎಂಬುದು. ಆಮೇಲೆ ಲಯ, ಆಮೇಲೆ ಸ್ವರ. ಚೀಕಲಪರ್ವಿಯ ವಿಜಯದಾಸರು, ಮೊಸರುಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಇದೇ ರಾಯಚೂರು ಸೀಮೆಯವರು. ಅವರ ಪದ ಹಾಡಿಸುವಾಗ ಕೊನೆಯ ನುಡಿಯಲ್ಲಿ ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅಂಕಿತ ಬರುವ ಸಾಲು ಇರುತ್ತದಲ್ಲ, ಅದು ಯಾವ ಟೇಕಿನಲ್ಲಿ ನಿಂತಿದೆಯೋ ಆ ಟೇಕೇ ನನ್ನ ಮೂಲ. ಇಲ್ಲಿನ ಕೇಳುಗ ಕಾಯುವುದು ಆ ಸಾಲಿಗೆ. ಅಲ್ಲಿ ಜೋಡಣೆ ಮಾಡುವುದಿಲ್ಲ.

ಗುರುತು ಹಾಕುವುದು ಹಾಡುತ್ತಿರುವಾಗಲೇ ಆಗಬೇಕು. ಹಾಡನ್ನು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಬಲಗಡೆ ಮೂರು ಮನೆ ಗೆರೆ ಎಳೆಯಿರಿ. ಸಾಲು ಚೆನ್ನಾಗಿ ಬಂದರೆ ಟಿಕ್, ಅನುಮಾನವಿದ್ದರೆ ಚುಕ್ಕೆ, ಕೆಟ್ಟರೆ ಗೀಟು. ಮೂರನೇ ಟೇಕ್ ಮುಗಿದಾಗ ಯಾವ ಸಾಲಿಗೆ ಒಂದೂ ಟಿಕ್ ಬಿದ್ದಿಲ್ಲ ಎಂಬುದು ಕಾಗದದ ಮೇಲೇ ಕಾಣುತ್ತದೆ. ಅದನ್ನು ಅಲ್ಲೇ ಮತ್ತೆ ಹಾಡಿಸಿ. ಗಾಯಕರು ಸಿಂಧನೂರಿನ ಬಸ್ ಹತ್ತಿದ ಮೇಲೆ ಗೊತ್ತಾದರೆ ಏನು ಬಂತು? ಕಾಂಪನ್ನೂ ಅದೇ ದಿನ ಒರಟಾಗಿ ಕಟ್ಟಿಬಿಡಿ, ನಯಮಾಡುವುದು ನಾಳೆಗಿರಲಿ. ವಾರ ಬಿಟ್ಟು ತೆರೆದರೆ ಆ ದಿನದ ಕಿವಿ ಇರುವುದಿಲ್ಲ.

ಜೋಡಿಸಿದ ಜಾಗ ಗೊತ್ತಾಗದ ಹಾಗೆ ಎಲ್ಲಿ ಕತ್ತರಿಸಬೇಕು?

ಕನ್ನಡಕ್ಕೆ ಇದು ಸ್ವಲ್ಪ ಬೇರೆ ಲೆಕ್ಕ. ನಮ್ಮ ಮಾತಿನ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲಿ (ಅ, ಇ, ಉ, ಎ) ಮುಗಿಯುತ್ತವೆ, ಹಾಡುವಾಗ ಆ ಸ್ವರ ಮುಂದಿನ ಪದದೊಳಕ್ಕೆ ಹರಿದುಹೋಗುತ್ತದೆ. ಪದದಿಂದ ಪದಕ್ಕೆ ಖಾಲಿ ಜಾಗ ಇರುತ್ತದೆ ಎಂದು ಹುಡುಕಿದರೆ ಸಿಗುವುದಿಲ್ಲ. ಖಾಲಿ ಜಾಗ ಇರುವುದು ವ್ಯಂಜನಗಳಲ್ಲಿ.

ಕ, ಚ, ಟ, ತ, ಪ ಉಚ್ಚರಿಸುವ ಮುಂಚೆ ಬಾಯಿ ಒಂದು ಕ್ಷಣ ಪೂರ್ತಿ ಮುಚ್ಚಿರುತ್ತದೆ. ತೆರೆಯ ಮೇಲೆ ಅಲ್ಲಿ ಅಲೆ ಬಹುತೇಕ ಸಪಾಟಾಗಿ ಕಾಣುತ್ತದೆ. ಕತ್ತರಿ ಇಡಬೇಕಾದ ಜಾಗ ಅದೇ. ಒತ್ತಕ್ಷರ ಬಂದರಂತೂ ಹಬ್ಬ. ಅಕ್ಕ, ಹೊತ್ತು, ತಪ್ಪು, ಕಟ್ಟು ಇಂಥ ಪದಗಳ ನಡುವೆ ಆ ಮೌನ ಇನ್ನೂ ಉದ್ದವಾಗಿರುತ್ತದೆ. ಪದದ ನಡುವೆಯೇ ಕತ್ತರಿಸಿ, ಮೊದಲರ್ಧ ಒಂದು ಟೇಕಿನಿಂದ, ಉಳಿದರ್ಧ ಇನ್ನೊಂದರಿಂದ ಹಾಕಿದರೂ ಯಾರಿಗೂ ತಿಳಿಯುವುದಿಲ್ಲ. ಸ, ಶ ಕೂಡ ಪರವಾಗಿಲ್ಲ, ಅವು ಬರೀ ಗಾಳಿಯ ಸದ್ದು, ಅದರಲ್ಲಿ ಸ್ವರವಿಲ್ಲ. ಗ್ಗ, ದ್ದ, ಬ್ಬ ಬಂದಾಗ ಒಳಗೊಂದು ಸಣ್ಣ ಗುಂಯ್ ಇರುತ್ತದೆ, ಆದರೂ ನಡೆಯುತ್ತದೆ.

ಕಷ್ಟ ಕೊಡುವವು ಮ, ನ, ರ, ಲ, ವ, ಯ. ಇವುಗಳಲ್ಲಿ ಧ್ವನಿ ನಿಲ್ಲುವುದೇ ಇಲ್ಲ. "ಮನವೇ" ಎಂಬ ಪದದ ನಡುವೆ ಕತ್ತರಿಸಲು ಹೋಗಬೇಡಿ. ಅಂಥ ಪದ ಪೂರ್ತಿಯಾಗಿ ಒಂದೇ ಟೇಕಿನದಾಗಿರಲಿ. ಸಾಲಿನಲ್ಲಿ ಅದರ ಹಿಂದೆ ಮುಂದೆ ಕ, ತ, ಪ ಎಲ್ಲಿದೆ ನೋಡಿ ಅಲ್ಲಿಗೆ ಕತ್ತರಿ ಸರಿಸಿ.

ಎಳೆದ ಸ್ವರದ ಮೇಲೆ ಕತ್ತರಿಸದೆ ಗತಿಯೇ ಇಲ್ಲ ಎಂದಾದರೆ ಎರಡೂ ಟೇಕಿನಲ್ಲಿ ಅದೇ ಸ್ವರ, ಅದೇ ಜೋರು ಇರುವ ಜಾಗ ಹುಡುಕಿ, ಅಲೆಯ ಏರಿಳಿತ ಒಂದರ ಮೇಲೊಂದು ಕೂರುವಂತೆ ತುಸು ಸರಿಸಿ, 20ರಿಂದ 50 ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ತುಂಡು ಇಳಿಯುತ್ತಾ ಇನ್ನೊಂದು ಏರುವ ಜೋಡಣೆ) ಕೊಡಿ. ವ್ಯಂಜನದ ಮೌನದಲ್ಲಿ 5ರಿಂದ 10 ಸಾಕು. ಜಾರುವ ಸ್ವರದ ಮೇಲೆ, ಗಮಕದ ಮೇಲೆ ಕತ್ತರಿ ಬೇಡವೇ ಬೇಡ.

ಉಸಿರು ಮುಂದಿನ ಸಾಲಿಗೆ ಸೇರಿದ್ದು. ಹೊಸ ಸಾಲು ತರುವಾಗ ಅದರ ಮುಂಚಿನ ಉಸಿರನ್ನೂ ಜತೆಗೆ ತನ್ನಿ. ಉಸಿರು ಬಿಟ್ಟು ತಂದರೆ ಹಳೆಯ ಟೇಕಿನ ಉಸಿರು ಅಲ್ಲೇ ಉಳಿದು ಸಣ್ಣ ಉಸಿರಿಗೆ ದೊಡ್ಡ ಸಾಲು ಎದ್ದಂತಾಗುತ್ತದೆ. ಉಸಿರುಗಳನ್ನೆಲ್ಲ ಅಳಿಸಿ "ಕ್ಲೀನ್" ಮಾಡುವವರೂ ಇದ್ದಾರೆ. ಹಾಗೆ ಮಾಡಿದ ಹಾಡು ಕೇಳಿದರೆ ನಮಗೇ ಉಸಿರು ಕಟ್ಟುತ್ತದೆ.

ಪಿಚ್ ಕರೆಕ್ಷನ್ (ಸಾಫ್ಟ್‌ವೇರಿನಿಂದ ಅಪಸ್ವರ ತಿದ್ದುವುದು) ಮೊದಲಾ, ಕಾಂಪ್ ಮೊದಲಾ?

ಕಾಂಪ್ ಮೊದಲು. ಸರಿಯಾದ ಸಾಲು ಇನ್ನೊಂದು ಟೇಕಿನಲ್ಲಿ ಇರುವಾಗ ಕೆಟ್ಟದ್ದನ್ನು ತಿದ್ದುವುದು ಯಾಕೆ? ಆಮೇಲೂ ಉಳಿದರೆ ಆ ಒಂದು ಸ್ವರಕ್ಕೆ ಮಾತ್ರ ಕೈಯಿಂದ ಮಾಡಿ. ಇಡೀ ಹಾಡಿಗೆ ಆಟೋ ಹಾಕಿದರೆ ಗಮಕವನ್ನು ಅದು ಅಪಸ್ವರ ಎಂದೇ ತಿಳಿದು ಚಪ್ಪಟೆ ಮಾಡುತ್ತದೆ.

ಒಬ್ಬರೇ ಹಾಡಿದ್ದಾರೆ, ಭಜನಾ ಮಂಡಳಿ ಹಾಡಿದಂತೆ ಬೇಕು. ಅದೇ ಟೇಕನ್ನು ನಾಲ್ಕು ಸಲ ಕಾಪಿ ಮಾಡಿದರೆ ಆಗುತ್ತದೆಯೇ?

ಆಗುವುದಿಲ್ಲ. ಒಂದೇ ಧ್ವನಿಯ ಎರಡು ಪ್ರತಿ ಸೇರಿದರೆ 6 ಡೆಸಿಬೆಲ್ ಜೋರಾಗುತ್ತದೆ, ಅಷ್ಟೇ. ಗುಂಪು ಎನಿಸುವುದು ಸಣ್ಣ ಸಣ್ಣ ವ್ಯತ್ಯಾಸದಿಂದ. ಕಾಂಪಿಗೆ ಬಳಸದೆ ಉಳಿದ ಟೇಕ್‌ಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ, ಮೆಲ್ಲಗೆ ಇಡಿ. ಸಾಲಿನ ಕೊನೆಯ ಅಕ್ಷರ ಎಲ್ಲದರಲ್ಲೂ ಒಟ್ಟಿಗೆ ಮುಗಿಯುವಂತೆ ನೋಡಿಕೊಳ್ಳಿ. ಅದಕ್ಕಿಂತ ಒಳ್ಳೆಯದು ಮನೆಯವರನ್ನು, ಓಣಿಯವರನ್ನು ಕರೆದು ಸೊಲ್ಲು ಹಾಡಿಸುವುದು. ಚಹಾದ ಖರ್ಚಿನಲ್ಲಿ ಮುಗಿಯುತ್ತದೆ.

ಗಾಯಕರು ಊರಲ್ಲಿದ್ದಾರೆ, ಟೇಕ್‌ಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ.

ವಾಯ್ಸ್ ಮೆಸೇಜ್ ಆಗಿ ಕಳಿಸಿದರೆ ಧ್ವನಿ ಹಿಂಡಿಹೋಗಿರುತ್ತದೆ. ಫೋನಿನ ರೆಕಾರ್ಡರಿನಲ್ಲಿ ತೆಗೆದು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಫೈಲ್ ಇದ್ದ ಹಾಗೇ ಬರುತ್ತದೆ. ಗೈಡ್ ಇನ್ನೊಂದು ಫೋನಿನಿಂದ ಇಯರ್‌ಫೋನಿನಲ್ಲಿ ಕೇಳಿಕೊಳ್ಳಲಿ. ಗೈಡಿನ ಮೊದಲಲ್ಲಿ ನಾಲ್ಕು ಚಪ್ಪಾಳೆ ಹಾಕಿಡಿ, ಅವರೂ ಅದರ ಜತೆ ಚಪ್ಪಾಳೆ ತಟ್ಟಲಿ. ಆ ಗುರುತು ಹಿಡಿದು ಜೋಡಿಸಬಹುದು.

ನಡುವೆ ಕರೆಂಟ್ ಹೋದರೆ ಟೇಕ್ ಹೋಯಿತೇ?

ಶಕ್ತಿನಗರ, ಕುಡತಿನಿಯಲ್ಲಿ ರಾಜ್ಯಕ್ಕೆಲ್ಲ ಕರೆಂಟ್ ಹುಟ್ಟಿಸುವ ಸೀಮೆಯವರು ನಾವು, ಪಲ್ಲವಿಯ ನಡುವೆ ಕರೆಂಟ್ ಹೋಗುವುದೂ ನಮಗೇ. ಯುಎಸ್‌ಬಿಯಿಂದಲೇ ನಡೆಯುವ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪ್ ಇದ್ದರೆ ಏನೂ ಆಗುವುದಿಲ್ಲ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಆರಿಹೋದರೂ ಗಾಬರಿ ಬೇಡ, ಸಾಫ್ಟ್‌ವೇರ್ ಹಾಡುತ್ತಿರುವಾಗಲೇ ಧ್ವನಿಯನ್ನು ಡಿಸ್ಕಿಗೆ ಬರೆಯುತ್ತಾ ಹೋಗಿರುತ್ತದೆ. ಪ್ರಾಜೆಕ್ಟ್ ಫೋಲ್ಡರಿನಲ್ಲಿ ಆ ಹೊತ್ತಿನ ವೇವ್ ಫೈಲ್ ಹುಡುಕಿ ಒಳಗೆ ಎಳೆದು ನೋಡಿ. ಶುರುವಿನಲ್ಲೇ ಪ್ರಾಜೆಕ್ಟನ್ನು ಒಂದು ಹೆಸರಿನಲ್ಲಿ ಸೇವ್ ಮಾಡಿಟ್ಟಿದ್ದರೆ ಮಾತ್ರ ಅದು ಎಲ್ಲಿದೆ ಎಂದು ತಿಳಿಯುತ್ತದೆ.

ಹೀಗೆ ತುಂಡು ಜೋಡಿಸುವುದು ಮೋಸ ಅಲ್ಲವೇ?

ಮಾರಾಟಕ್ಕೆ, ಕೇಳುವ ಸುಖಕ್ಕೆ ಮಾಡುವ ಹಾಡಿನಲ್ಲಿ ಅಲ್ಲ. ಗಾಯಕರಿಗೆ ಗೊತ್ತಿದ್ದು, ಅವರು ಕೇಳಿ ಒಪ್ಪಿದ ಮೇಲೆ ಅದರಲ್ಲಿ ಮುಚ್ಚುಮರೆ ಏನಿದೆ?

ದಾಖಲೆಗೆಂದು ಮಾಡುವ ರೆಕಾರ್ಡಿಂಗ್ ಬೇರೆ. 2014ರಲ್ಲಿ ತೀರಿಕೊಂಡ ದರೋಜಿ ಈರಮ್ಮನವರಂಥ ಬುರ್ರಕಥಾ ಕಲಾವಿದರ ಕಥನ, ಮುದಗಲ್ಲಿನ ಮೊಹರಂನಲ್ಲಿ ಕೇಳುವ ಪದ, ಬಯಲಾಟದ ಹಾಡು ಇವೆಲ್ಲ ಎದುರಿನ ಜನ, ಹಿಮ್ಮೇಳ, ಆ ರಾತ್ರಿ ಎಲ್ಲ ಸೇರಿ ಹುಟ್ಟುವಂಥವು. ಅಲ್ಲಿ ಟೇಕ್ ಎಂಬುದೇ ಇಲ್ಲ. ಮೈಕ್ ಇಟ್ಟು ಕೈಕಟ್ಟಿ ಕೂರಿ. ಎರಡು ಸಲ ಹಾಡಿದರೆ ಎರಡನ್ನೂ ಇಡಿಯಾಗಿ ಕಾಪಾಡಿ. ಮರೆತು ಬಿಟ್ಟ ಸಾಲು, ಕೆಮ್ಮು, "ಏ, ತಾಳ ಹಾಕಪ್ಪ" ಎಂಬ ಗದರಿಕೆ ಎಲ್ಲ ಇರಲಿ.

ಫೈಲ್‌ಗಳಿಗೆ ಹೆಸರು ಹೇಗಿಡಲಿ? ಜಾಗ ಎಷ್ಟು ಬೇಕು? ಹಳೆಯ ಟೇಕ್ ಅಳಿಸಲಾ?

ಹಾಡು, ಹಾಡಿದವರು, ದಿನಾಂಕ, ಈ ಕ್ರಮ ಸಾಕು. "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಬೇಡ. ಕನ್ನಡ ಅಕ್ಷರದಲ್ಲಿ ಹೆಸರಿಡಬಹುದು, ಯೂನಿಕೋಡ್ ಆಗಿದ್ದರೆ. ಹಳೆಯ ನುಡಿ ಫಾಂಟಿನಿಂದ ನಕಲು ಮಾಡಿ ಅಂಟಿಸಿದ ಹೆಸರು ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

48 ಕಿಲೋಹರ್ಟ್ಸ್, 24 ಬಿಟ್, ಮೋನೋ ರೆಕಾರ್ಡಿಂಗ್ ನಿಮಿಷಕ್ಕೆ ಸುಮಾರು 8.6 ಎಂಬಿ ತಿನ್ನುತ್ತದೆ. ಐದು ನಿಮಿಷದ ಪದದ ಆರು ಟೇಕ್ ಎಂದರೆ 260 ಎಂಬಿ ಆಸುಪಾಸು. ಧ್ವನಿಗೆ ಒಂದೇ ಮೈಕ್, ಹಾಗಾಗಿ ಸ್ಟೀರಿಯೋ ಬೇಡ, ಜಾಗ ಎರಡು ಪಟ್ಟಾಗುತ್ತದೆ. ಹಾಡು ಬಿಡುಗಡೆಯಾಗುವ ತನಕ ಏನನ್ನೂ ಅಳಿಸಬೇಡಿ. ಆಮೇಲೆ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಸರಿಸಿ. ರೀಪರ್‌ನ ಕ್ಲೀನ್ ಪ್ರಾಜೆಕ್ಟ್ ಡೈರೆಕ್ಟರಿ ಒತ್ತುವ ಮುಂಚೆ ಅದು ತೋರಿಸುವ ಪಟ್ಟಿ ಓದಿ. ಪ್ರಾಜೆಕ್ಟಿನಿಂದ ನೀವು ಕಿತ್ತುಹಾಕಿದ ಟೇಕಿನ ಫೈಲ್ ಅದರಲ್ಲಿರುತ್ತದೆ.

ಕಾಂಪ್ ಆಯಿತು. ಮಿಕ್ಸಿಂಗಿಗೆ ಬೆಂಗಳೂರಿಗೋ ಹೈದರಾಬಾದಿಗೋ ಕಳಿಸುವುದು ಹೇಗೆ?

ಪ್ರಾಜೆಕ್ಟ್ ಫೈಲ್ ಒಂದನ್ನೇ ಕಳಿಸಬೇಡಿ, ಅದರೊಳಗೆ ಧ್ವನಿ ಇರುವುದಿಲ್ಲ. ಕಾಂಪ್ ಮಾಡಿದ ಧ್ವನಿಯನ್ನು ಹಾಡಿನ ಸೊನ್ನೆ ಸೆಕೆಂಡಿನಿಂದ ಕೊನೆವರೆಗೆ ಒಂದೇ ಉದ್ದದ ವೇವ್ ಫೈಲಾಗಿ ರೆಂಡರ್ ಮಾಡಿ. ಡೋಲಕ್, ಪೇಟಿ, ಹಿಮ್ಮೇಳ ಎಲ್ಲವೂ ಅದೇ ಸೊನ್ನೆಯಿಂದ ಶುರುವಾಗಲಿ, ಆಗ ಅವರು ಯಾವ ಸಾಫ್ಟ್‌ವೇರಿನಲ್ಲಿ ಹಾಕಿಕೊಂಡರೂ ಸರಿಯಾಗಿ ಕೂರುತ್ತವೆ. ಎಕೋ, ಕಂಪ್ರೆಸರ್ ಏನಿದ್ದರೂ ಬಂದ್ ಮಾಡಿ ಒಣ ಧ್ವನಿ ಕೊಡಿ. ನಿಮಗೆ ಹೇಗೆ ಬೇಕು ಎಂದು ತಿಳಿಯಲು ನೀವೇ ಮಾಡಿದ ಒಂದು ಒರಟು ಮಿಕ್ಸ್ ಎಂಪಿತ್ರೀ ಜತೆಗಿಡಿ. ಸಾಹಿತ್ಯವನ್ನೂ ಕಳಿಸಿ. ಮಿಕ್ಸ್ ಮಾಡುವವರಿಗೆ ನಮ್ಮ ಕಡೆಯ ಪದಗಳು ತಿಳಿಯದಿದ್ದರೆ ಯಾವ ಅಕ್ಷರ ಮುಳುಗಿದೆ ಎಂದು ಅವರಿಗೆ ಗೊತ್ತಾಗುವುದು ಆ ಹಾಳೆ ನೋಡಿಯೇ.